ಬೇಸಿಗೆಗೆ ಮುನ್ನ ತಂತಿಗೂದಲ ನಾಯಿ: ಕತ್ತರಿಗಿಂತ ಬೆರಳೇ ಲೇಸು

ಮಾಘ ಮಾಸದ ಭರತ ಹುಣ್ಣಿಮೆ ಕಳೆದು, ಮೈಲಾರದ ಕಾರ್ಣಿಕೋತ್ಸವ ಮುಗಿಯುತ್ತಿದ್ದಂತೆ ತುಂಗಭದ್ರೆಯ ದಂಡೆಯ ಊರುಗಳಲ್ಲಿ ಬಿಸಿಲು ಬಲಿಯತೊಡಗುತ್ತದೆ. ಹರಪನಹಳ್ಳಿ ತಾಲ್ಲೂಕಿನ ಹಲವಾಗಲಿನಿಂದ ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಯವರೆಗೆ ಹಬ್ಬಿರುವ ಈ ಬಯಲುಸೀಮೆಯಲ್ಲಿ ಚಳಿಗಾಲ ಚಿಕ್ಕದು, ಬೇಸಿಗೆ ದೀರ್ಘ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಇಲ್ಲಿ ಹೊಸ ಸುದ್ದಿಯೇನಲ್ಲ. ಮನುಷ್ಯರು ನೆರಳು ಹುಡುಕಿಕೊಳ್ಳುತ್ತಾರೆ, ತೆಳು ಬಟ್ಟೆ ಉಡುತ್ತಾರೆ. ಮೈತುಂಬ ಕೂದಲು ಹೊತ್ತ ನಾಯಿಯ ಪಾಡೇನು?

ಈ ಪ್ರಶ್ನೆಗೆ ನಗರ ಪಟ್ಟಣಗಳ ಬಹುತೇಕ ಮನೆಗಳಲ್ಲಿ ಸಿಗುವ ಉತ್ತರ ಒಂದೇ: ಬೇಸಿಗೆ ಬಂತು, ಬೋಳಿಸಿಬಿಡಿ. ಮೇಲುನೋಟಕ್ಕೆ ಇದು ಕರುಣೆಯ ಮಾತು. ಆದರೆ ಎಲ್ಲ ನಾಯಿಗಳ ಕೂದಲೂ ಒಂದೇ ಬಗೆಯದಲ್ಲ. ಅದರಲ್ಲಿಯೂ ಟೆರಿಯರ್ ಜಾತಿಯ ಒರಟುಗೂದಲ ನಾಯಿಗಳಿಗೆ ನಡುಬೇಸಿಗೆಯಲ್ಲಿ ಚರ್ಮ ಕಾಣುವಂತೆ ಯಂತ್ರ ಹೊಡೆಯುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಇಂಥ ನಾಯಿಯನ್ನು ಮನೆಯಲ್ಲಿಯೇ, ಹೆಚ್ಚಿನ ಖರ್ಚಿಲ್ಲದೆ ಬೇಸಿಗೆಗೆ ಸಜ್ಜುಗೊಳಿಸುವ ಬಗೆ ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ನಾಯಿಯ ಮೈ ತಣಿಯುವ ಬಗೆ

ಆರೋಗ್ಯವಂತ ನಾಯಿಯ ದೇಹದ ಉಷ್ಣಾಂಶ ಸುಮಾರು 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಮನುಷ್ಯನಿಗಿಂತ ಇದು ಒಂದೆರಡು ಡಿಗ್ರಿ ಹೆಚ್ಚು. ಮನುಷ್ಯನಿಗೆ ಮೈಯೆಲ್ಲ ಬೆವರುತ್ತದೆ, ಆ ಬೆವರು ಆರುವಾಗ ಮೈ ತಣಿಯುತ್ತದೆ. ನಾಯಿಗೆ ಈ ಸೌಲಭ್ಯವಿಲ್ಲ. ಅದಕ್ಕೆ ಬೆವರುವುದು ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ ಮಾತ್ರ. ಉಳಿದ ಕೆಲಸವನ್ನೆಲ್ಲ ನಾಲಿಗೆ, ಬಾಯಿ, ಮೂಗು ಮತ್ತು ಶ್ವಾಸನಾಳಗಳೇ ಮಾಡಬೇಕು. ನಾಲಿಗೆ ಚಾಚಿ ಏದುಸಿರು ಬಿಡುವಾಗ ಒಳಗಿನ ತೇವ ಆವಿಯಾಗುತ್ತದೆ, ಅದರೊಂದಿಗೆ ಶಾಖವೂ ಹೊರಗೆ ಹೋಗುತ್ತದೆ.

ಹೀಗಾಗಿ, ಕೂದಲು ತೆಗೆದ ಮಾತ್ರಕ್ಕೆ ಮನುಷ್ಯನಿಗೆ ಆಗುವಷ್ಟು ತಂಪು ನಾಯಿಗೆ ಆಗುವುದಿಲ್ಲ. ಅಷ್ಟೇ ಅಲ್ಲ, ಕೂದಲಿಗೆ ಎರಡು ಮುಖದ ಕೆಲಸವಿದೆ. ಚಳಿಯಲ್ಲಿ ಅದು ಒಳಗಿನ ಬಿಸಿಯನ್ನು ಹಿಡಿದಿಡುತ್ತದೆ. ಬಿಸಿಲಿನಲ್ಲಿ ಹೊರಗಿನ ಶಾಖ ನೇರವಾಗಿ ಚರ್ಮಕ್ಕೆ ತಾಗದಂತೆ ತಡೆಯುತ್ತದೆ. ಗುಡಿಸಲಿನ ಮೇಲಿನ ಸೋಗೆ ಚಳಿ ಬಿಸಿಲುಗಳೆರಡಕ್ಕೂ ಆಗಿಬರುವಂತೆ ಇದು. ಸೋಗೆ ಕೊಳೆತಿದ್ದರೆ ಕಿತ್ತು ಹೊಸದನ್ನು ಹೊದಿಸಬೇಕೇ ಹೊರತು ಸೂರನ್ನೇ ತೆಗೆದುಹಾಕುವುದು ಜಾಣತನವಲ್ಲ.

ತಂತಿಗೂದಲು ಎಂದರೇನು?

ಟೆರಿಯರ್ ಎಂಬ ಹೆಸರಿನ ಮೂಲದಲ್ಲಿರುವುದು ಭೂಮಿ ಎಂಬ ಅರ್ಥದ ಲ್ಯಾಟಿನ್ ಪದ. ನರಿ, ಇಲಿ, ಹೆಗ್ಗಣಗಳ ಬಿಲಗಳಿಗೆ ನುಗ್ಗಿ ಅವುಗಳನ್ನು ಹೊರಗಟ್ಟಲೆಂದು ಬ್ರಿಟನ್ನಿನ ರೈತರೂ ಬೇಟೆಗಾರರೂ ಸಾಕಿ ಬೆಳೆಸಿದ ನಾಯಿಗಳಿವು. ಮುಳ್ಳುಪೊದೆ, ಕಲ್ಲು, ಕೆಸರುಗಳ ನಡುವೆ ಕೆಲಸ ಮಾಡಬೇಕಾದ ನಾಯಿಗೆ ಕವಚದಂಥ ಕೂದಲು ಬೇಕಿತ್ತು. ವೈರ್ ಫಾಕ್ಸ್ ಟೆರಿಯರ್, ಏರ್‌ಡೇಲ್, ಸ್ಕಾಟಿಷ್ ಟೆರಿಯರ್, ಬಾರ್ಡರ್ ಟೆರಿಯರ್ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಟಿನ್‌ಟಿನ್ ಚಿತ್ರಕಥೆಗಳನ್ನು ಓದಿದವರಿಗೆ ಬಿಳಿಯ ಪುಟ್ಟ ನಾಯಿ ಸ್ನೋಯಿಯ ನೆನಪಿದ್ದೀತು. ಅದು ವೈರ್ ಫಾಕ್ಸ್ ಟೆರಿಯರ್. ಗಡ್ಡ ಮತ್ತು ದಟ್ಟ ಹುಬ್ಬುಗಳಿಂದ ಮುದುಕನಂತೆ ಕಾಣುವ ಮಿನಿಯೇಚರ್ ಶ್ನೌಜರ್ ಜರ್ಮನಿ ಮೂಲದ್ದಾದರೂ ಅದರ ಕೂದಲಿನ ಸ್ವಭಾವ ಇದೇ.

ಈ ನಾಯಿಗಳ ಮೈಮೇಲೆ ಎರಡು ಪದರಗಳಿವೆ. ಮೇಲಿನದು ತಂತಿಯಂತೆ ಬಿರುಸಾದ, ಬಣ್ಣ ಗಾಢವಾದ ಹೊರಗೂದಲು. ಒಳಗಿನದು ಮೃದುವಾದ, ಹತ್ತಿಯಂಥ, ಸಾಮಾನ್ಯವಾಗಿ ಬಣ್ಣ ತಿಳಿಯಾದ ಒಳಗೂದಲು. 2009ರಲ್ಲಿ 'ಸೈನ್ಸ್' ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ನಾಯಿಗಳ ಕೂದಲಿನ ಬಹುಪಾಲು ವೈವಿಧ್ಯಕ್ಕೆ ಕೇವಲ ಮೂರು ಜೀನ್‌ಗಳು ಕಾರಣವೆಂದು ತೋರಿಸಿತು. ಅವುಗಳಲ್ಲೊಂದು ಕೂದಲಿನ ಉದ್ದವನ್ನೂ, ಇನ್ನೊಂದು ಗುಂಗುರನ್ನೂ ನಿರ್ಧರಿಸಿದರೆ, ಮೂರನೆಯದು ಗಡ್ಡ, ಹುಬ್ಬು ಮತ್ತು ತಂತಿಗೂದಲಿಗೆ ಕಾರಣ. ಗಡ್ಡವಿರುವ ನಾಯಿಗೆ ಒರಟುಗೂದಲೂ ಇರುವುದು ಆಕಸ್ಮಿಕವಲ್ಲ.

ಕುರಿಯ ಉಣ್ಣೆಗೂ ಟೆರಿಯರ್ ಕೂದಲಿಗೂ ಇರುವ ಅಂತರ

ಈ ಭಾಗದಲ್ಲಿ ಪ್ರಾಣಿಯ ಕೂದಲಿನ ವಿಷಯ ಹೊಸದಲ್ಲ. ಬಳ್ಳಾರಿ ಕುರಿ ಎಂದೇ ಹೆಸರಾದ ತಳಿ ಇಲ್ಲಿನದು. ಅದರ ಒರಟು ಉಣ್ಣೆಯಿಂದ ಕಂಬಳಿ ನೇಯುವ ಕಸುಬು ಕುರುಬ ಸಮುದಾಯದಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಮೈಲಾರಲಿಂಗನ ಗೊರವರು ತೊಡುವ ಕರಿಯ ನಿಲುವಂಗಿಯೂ ಕಂಬಳಿಯದೇ. ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿಕೊಂಡು ಬೊಗಳುತ್ತ ದೋಣಿಯಲ್ಲಿನ ಪ್ರಸಾದ ಸ್ವೀಕರಿಸುವ ಗೊರವರ ಸಂಪ್ರದಾಯವಿರುವ ನಾಡಿನಲ್ಲಿ ನಾಯಿಯೂ ಕಂಬಳಿಯೂ ಅಪರಿಚಿತವಲ್ಲ. ಅಂತೆಯೇ, ಕುರಿಯ ಮೈಯನ್ನು ತೊಳೆದು, ಒಣಗಿಸಿ, ಕತ್ತರಿಯಿಂದ ಉಣ್ಣೆ ಕತ್ತರಿಸುವುದನ್ನು ಕಂಡವರು ನಾಯಿಗೂ ಹಾಗೆಯೇ ಮಾಡಿದರಾಯಿತೆಂದು ಭಾವಿಸುವುದು ಸಹಜ.

ಆದರೆ ಇವೆರಡರ ಬೆಳವಣಿಗೆಯ ರೀತಿಯೇ ಬೇರೆ. ಕುರಿಯ ಉಣ್ಣೆ ಬಹುಮಟ್ಟಿಗೆ ಒಂದೇ ಸಮನೆ ಬೆಳೆಯುತ್ತ ಹೋಗುತ್ತದೆ. ಕತ್ತರಿಸಿದಷ್ಟೂ ಬುಡದಿಂದ ಮತ್ತೆ ಅದೇ ಎಳೆ ಮುಂದುವರಿಯುತ್ತದೆ. ಟೆರಿಯರ್‌ನ ಹೊರಗೂದಲು ಹಾಗಲ್ಲ. ಅದು ಒಂದು ನಿಶ್ಚಿತ ಉದ್ದಕ್ಕೆ ಬೆಳೆದು ನಿಲ್ಲುತ್ತದೆ, ಬುಡದಲ್ಲಿ ಜೀವ ಕಳೆದುಕೊಳ್ಳುತ್ತದೆ. ಲ್ಯಾಬ್ರಡಾರ್‌ನಂಥ ನಾಯಿಯಾದರೆ ಸತ್ತ ಕೂದಲು ತಾನಾಗಿ ಉದುರಿ ಮನೆಯೆಲ್ಲ ಹರಡುತ್ತದೆ. ತಂತಿಗೂದಲ ನಾಯಿಯಲ್ಲಿ ಸತ್ತ ಕೂದಲು ಸುಲಭವಾಗಿ ಉದುರದೆ ಚರ್ಮದ ಗುಳಿಯಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಪೊದೆಯಲ್ಲಿ ನುಗ್ಗಿ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಮುಳ್ಳುಗಳೇ ಅದನ್ನು ಒಂದಿಷ್ಟು ಹಿರಿದು ತೆಗೆಯುತ್ತಿದ್ದವು. ಸೋಫಾದ ಮೇಲೆ ಮಲಗುವ ನಾಯಿಗೆ ಆ ಕೆಲಸವನ್ನು ಮನುಷ್ಯನ ಬೆರಳು ಮಾಡಬೇಕು.

ಸತ್ತ ಕೂದಲನ್ನು ಕತ್ತರಿಸಿದರೆ ಏನಾಗುತ್ತದೆ? ತುದಿ ಹೋಗುತ್ತದೆ, ಬುಡ ಉಳಿಯುತ್ತದೆ. ಹೊಸ ಬಿರುಸುಗೂದಲು ಹುಟ್ಟಬೇಕಾದ ಗುಳಿಯಲ್ಲಿ ಹಳೆಯ ಮೋಟು ಕುಳಿತಿರುತ್ತದೆ. ಪದೇ ಪದೇ ಯಂತ್ರ ಹೊಡೆದ ನಾಯಿಯಲ್ಲಿ ಮೃದುವಾದ ಒಳಗೂದಲೇ ಮೇಲುಗೈ ಸಾಧಿಸುತ್ತದೆ. ಬಣ್ಣ ಮಾಸುತ್ತದೆ, ಕವಚದ ಬಿರುಸು ಹೋಗಿ ಹತ್ತಿಯಂತಾಗುತ್ತದೆ. ಹತ್ತಿಯಂಥ ಕೂದಲು ಬೇಗ ಸಿಕ್ಕುಗಟ್ಟುತ್ತದೆ, ಧೂಳನ್ನೂ ಉತ್ತರಾಣಿಯ ಬೀಜಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಗಾಳಿ ಚರ್ಮಕ್ಕೆ ತಲುಪದಂತೆ ಮಾಡುತ್ತದೆ. ತಂಪಾಗಲೆಂದು ಮಾಡಿದ ಕೆಲಸ ಕೊನೆಗೆ ಬಿಸಿಯನ್ನೇ ಹೆಚ್ಚಿಸುತ್ತದೆ.

ಆದುದರಿಂದಲೇ ಟೆರಿಯರ್ ಸಾಕುವವರು ಹಿಂದಿನಿಂದಲೂ ಸತ್ತ ಕೂದಲನ್ನು ಬೆರಳಿನಿಂದ ಹಿರಿದು ತೆಗೆಯುವ ಕ್ರಮವನ್ನು ಅನುಸರಿಸುತ್ತ ಬಂದಿದ್ದಾರೆ. ಇದಕ್ಕೆ 'ಹ್ಯಾಂಡ್ ಸ್ಟ್ರಿಪ್ಪಿಂಗ್' ಎಂದು ಹೆಸರು.

ನೋವಾಗುವುದಿಲ್ಲವೇ?

ಕೇಳಿದ ಕೂಡಲೇ ಯಾರಿಗಾದರೂ ಏಳುವ ಪ್ರಶ್ನೆ ಇದು. ಕೂದಲು ಪಕ್ವವಾಗಿದ್ದರೆ ನಾಯಿಗೆ ನೋವಾಗುವುದಿಲ್ಲ. ಬುಡದಲ್ಲಿ ಜೀವವಿಲ್ಲದ ಕೂದಲು ಮಾಗಿದ ಹಣ್ಣು ತೊಟ್ಟಿನಿಂದ ಕಳಚುವಂತೆ ಲಘುವಾಗಿ ಬರುತ್ತದೆ. ಪಕ್ವವಾಗಿದೆಯೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಬೆನ್ನಿನ ಮೇಲೆ ಉದ್ದವಾಗಿ ಎದ್ದು ನಿಂತ ನಾಲ್ಕೈದು ಎಳೆಗಳನ್ನು ತುದಿಯ ಕಡೆ ಹಿಡಿದು, ಕೂದಲು ಬೆಳೆದ ದಿಕ್ಕಿನಲ್ಲಿಯೇ ಮೆಲ್ಲನೆ ಎಳೆಯಬೇಕು. ಸಲೀಸಾಗಿ ಬಂದರೆ ಕಾಲ ಕೂಡಿಬಂದಿದೆ ಎಂದರ್ಥ. ಬಿಗಿಯಾಗಿ ಹಿಡಿದುಕೊಂಡರೆ, ನಾಯಿ ತಿರುಗಿ ನೋಡಿದರೆ, ಮೈ ಸೆಳೆದುಕೊಂಡರೆ ಅದು ಇನ್ನೂ ಜೀವಂತ ಕೂದಲು. ಅದನ್ನು ಕೀಳಬಾರದು. ಎರಡು ಮೂರು ವಾರ ಕಾದು ಮತ್ತೆ ಪರೀಕ್ಷಿಸಬೇಕು.

ತೊಡೆಸಂದು, ಹೊಟ್ಟೆಯ ಕೆಳಭಾಗ, ಗಂಟಲು, ಗುದದ್ವಾರದ ಸುತ್ತ, ಕಿವಿಯ ಒಳಮೈ, ಈ ಭಾಗಗಳಲ್ಲಿ ಚರ್ಮ ತೆಳು. ಅಲ್ಲಿ ಕೀಳುವ ಪ್ರಯತ್ನ ಬೇಡ. ಮೊಂಡು ತುದಿಯ ಕತ್ತರಿಯಿಂದ ಎಚ್ಚರಿಕೆಯಿಂದ ಕತ್ತರಿಸುವುದೇ ಸರಿ.

ಕಾಲ ನಿರ್ಣಯವೇ ಮುಖ್ಯ

ಪೂರ್ತಿ ಹಿರಿದ ನಾಯಿಯ ಮೈಮೇಲೆ ಹೊಸ ಹೊರಗೂದಲು ಸಾಕಷ್ಟು ಮುಚ್ಚುವಂತೆ ಬೆಳೆಯಲು ಸುಮಾರು 8ರಿಂದ 12 ವಾರಗಳು ಬೇಕು. ಈ ಒಂದು ಲೆಕ್ಕವನ್ನು ನೆನಪಿಟ್ಟರೆ ಉಳಿದುದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ. ಏಪ್ರಿಲ್ ಮಧ್ಯದಲ್ಲಿ ಪೂರ್ತಿ ಹಿರಿದರೆ ವರ್ಷದ ಅತ್ಯಂತ ಕಡು ಬಿಸಿಲಿಗೆ ಬರಿಯ ಚರ್ಮವನ್ನು ಒಡ್ಡಿದಂತಾಗುತ್ತದೆ. ಬಿಳಿ ಬಣ್ಣದ, ಚರ್ಮ ಗುಲಾಬಿಯಾದ ನಾಯಿಗಳಲ್ಲಿ ಇದು ಬಿಸಿಲುಗಾಯಕ್ಕೆ ದಾರಿ. ಜನವರಿ ಕೊನೆಯ ವಾರದಿಂದ ಫೆಬ್ರುವರಿ ಮಧ್ಯದೊಳಗೆ ಕೆಲಸ ಮುಗಿಸಿದರೆ ಏಪ್ರಿಲ್ ವೇಳೆಗೆ ಗಿಡ್ಡವಾದ, ಬಿರುಸಾದ, ಗಾಳಿಯಾಡುವ ಹೊಸ ಕೂದಲು ಸಿದ್ಧವಾಗಿರುತ್ತದೆ. ಬಯಲುಸೀಮೆಯ ಮಟ್ಟಿಗೆ ಮೈಲಾರದ ಜಾತ್ರೆಯ ದಿನಗಳನ್ನೇ ಗಡುವೆಂದು ಇಟ್ಟುಕೊಳ್ಳಬಹುದು.

ಬ್ರಿಟನ್ನಿನ ಪುಸ್ತಕಗಳಲ್ಲಿ ವಸಂತ ಮತ್ತು ಶರತ್ಕಾಲಗಳಲ್ಲಿ ಹಿರಿಯಬೇಕೆಂಬ ಸಲಹೆ ಕಾಣುತ್ತದೆ. ಅಲ್ಲಿನ ವಸಂತವೆಂದರೆ ಮಾರ್ಚ್‌ನಿಂದ ಮೇ, ಅಂದರೆ ನಮ್ಮ ಉರಿಬಿಸಿಲಿನ ಕಾಲ. ಆ ಸಲಹೆಯನ್ನು ಅಕ್ಷರಶಃ ಇಲ್ಲಿ ಪಾಲಿಸುವುದು ತರವಲ್ಲ. ನಮ್ಮಲ್ಲಿ ಮೊದಲ ಸರದಿ ಮಾಘದಲ್ಲಿ, ಎರಡನೆಯದು ಮಳೆಗಾಲದ ಕೊನೆಗೆ ಬಂದರೆ ಅನುಕೂಲ.

ಗಡುವು ತಪ್ಪಿದವರಿಗೆ ದಾರಿ ಇಲ್ಲವೆಂದಲ್ಲ. ಏಪ್ರಿಲ್ ಬಂದಿದ್ದರೆ ಪೂರ್ತಿ ಹಿರಿಯುವ ಬದಲು ವಾರಕ್ಕೊಮ್ಮೆ ಅತಿ ಉದ್ದದ ಎಳೆಗಳನ್ನಷ್ಟೇ ತೆಗೆಯುತ್ತ, ಒಳಗೂದಲನ್ನು ಬಾಚಿ ಹಗುರಗೊಳಿಸುತ್ತ ಹೋಗಬೇಕು. ಹೀಗೆ ಮಾಡಿದರೆ ಮೈ ಎಂದೂ ಬೋಳಾಗುವುದಿಲ್ಲ. ಹಳೆಯದು ಹೋಗುತ್ತಿರುವಂತೆಯೇ ಹೊಸದು ಬರುತ್ತಿರುತ್ತದೆ. ಅನುಭವ ಬಂದ ಮೇಲೆ ಬಹಳಷ್ಟು ಸಾಕಣೆದಾರರು ವರ್ಷವಿಡೀ ಇದೇ ಕ್ರಮವನ್ನು ಇಟ್ಟುಕೊಳ್ಳುತ್ತಾರೆ.

ಬೇಕಾಗುವ ಸಾಮಗ್ರಿ

ದುಬಾರಿ ಉಪಕರಣಗಳ ಅಗತ್ಯವಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿ ನಾಯಿಯ ಕೂದಲು ನೋಡಿಕೊಳ್ಳುವ ಅಂಗಡಿ ಸಿಗುವುದು ಕಷ್ಟ. ಆದರೆ ಸಾಮಗ್ರಿಗಳು ಬಹುತೇಕ ಸ್ಥಳೀಯವಾಗಿಯೇ ದೊರೆಯುತ್ತವೆ.

- ಹಲ್ಲುಗಳು ಒಂದು ಬದಿ ವಿರಳ, ಇನ್ನೊಂದು ಬದಿ ದಟ್ಟವಾಗಿರುವ ಉಕ್ಕಿನ ಬಾಚಣಿಗೆ ಮತ್ತು ತಂತಿ ಹಲ್ಲಿನ ಬ್ರಷ್.
- ಬ್ಯಾಂಕಿನಲ್ಲಿ ನೋಟು ಎಣಿಸಲು ಬಳಸುವಂಥ ರಬ್ಬರಿನ ಬೆರಳುಗವಸು. ಎಳೆ ಜಾರದಂತೆ ಹಿಡಿಯಲು ಇದು ನೆರವಾಗುತ್ತದೆ. ಇಲ್ಲವಾದರೆ ಬೆರಳಿಗೆ ಸ್ವಲ್ಪ ಸೀಮೆಸುಣ್ಣದ ಪುಡಿ ಸವರಿಕೊಂಡರೂ ನಡೆಯುತ್ತದೆ. ಕೆಲಸ ಮುಗಿದ ಮೇಲೆ ಪುಡಿಯನ್ನು ಒರೆಸಿ ತೆಗೆಯಬೇಕು.
- ಪಾದ ಉಜ್ಜಲು ಬಳಸುವ ಹಗುರ ರಂಧ್ರಗಲ್ಲು. ಕೂದಲಿನ ಮೇಲೆ ಇದನ್ನು ಲಘುವಾಗಿ ಎಳೆದರೆ ಸಡಿಲ ಒಳಗೂದಲು ಹೊರಬರುತ್ತದೆ.
- ಮೊಂಡು ತುದಿಯ ಕತ್ತರಿ, ಉಗುರು ಕತ್ತರಿ, ಉಣ್ಣಿ ತೆಗೆಯಲು ಸಣ್ಣ ಚಿಮುಟ.
- ಜಾರದ ಮೇಜು, ಅದರ ಮೇಲೆ ರಬ್ಬರ್ ಹಾಸು.

ವೃತ್ತಿಪರರು ಬಳಸುವ ಹಲ್ಲಿನ ಚಾಕು ಮಾರುಕಟ್ಟೆಯಲ್ಲಿ ದೊರೆಯುತ್ತದೆ. ಅದು ಕೂದಲನ್ನು ಹಿಡಿಯಲು ಇರುವ ಸಾಧನವೇ ಹೊರತು ಕತ್ತರಿಸಲು ಅಲ್ಲ. ಹೊಸಬರ ಕೈಯಲ್ಲಿ ಅದು ಕೂದಲನ್ನು ತುಂಡರಿಸುತ್ತದೆ, ಚರ್ಮವನ್ನು ಗೀರುತ್ತದೆ. ಮೊದಲ ಒಂದೆರಡು ಸರದಿ ಬೆರಳಿನಿಂದಲೇ ಕಲಿಯುವುದು ಒಳ್ಳೆಯದು.

ಕೆಲಸದ ಕ್ರಮ

ಮೊದಲನೆಯದಾಗಿ, ಹಿರಿಯುವ ಮುನ್ನ ಸ್ನಾನ ಮಾಡಿಸಬಾರದು. ಕುರಿಗೂ ನಾಯಿಗೂ ಇಲ್ಲಿಯೂ ವ್ಯತ್ಯಾಸವಿದೆ. ತೊಳೆದ ಕೂದಲು ನಯವಾಗಿ ಬೆರಳಿನಿಂದ ಜಾರುತ್ತದೆ. ಸ್ವಲ್ಪ ಧೂಳು ಹಿಡಿದ ಕೂದಲೇ ಹಿಡಿತಕ್ಕೆ ಚೆನ್ನಾಗಿ ಸಿಗುತ್ತದೆ.

ಬೆಳಗಿನ ತಂಪು ಹೊತ್ತಿನಲ್ಲಿ, ಸ್ವಲ್ಪ ನಡೆದಾಡಿಸಿ ತಂದ ಮೇಲೆ, ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಬೇಕು. ಮೇಜಿನ ಮೇಲಿರುವಾಗ ಕ್ಷಣವೂ ಕೈಬಿಟ್ಟು ಹೋಗಬಾರದು. ಮೊದಲು ಇಡೀ ಮೈ ಬಾಚಿ ಸಿಕ್ಕು ಬಿಡಿಸಬೇಕು. ಬಳಿಕ ಕತ್ತಿನ ಹಿಂಭಾಗದಿಂದ ಆರಂಭಿಸಿ ಬೆನ್ನಿನ ಮೇಲೆ ಬಾಲದ ಕಡೆಗೆ ಸಾಗಬೇಕು. ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಕೆಲವೇ ಎಳೆಗಳನ್ನು ಹಿಡಿದು, ಬೆಳೆದ ದಿಕ್ಕಿಗೆ ನೇರವಾಗಿ ಎಳೆಯಬೇಕು. ಮಣಿಕಟ್ಟನ್ನು ತಿರುಚಬಾರದು. ತಿರುಚಿದರೆ ಕೂದಲು ಮುರಿಯುತ್ತದೆ. ಒಮ್ಮೆಗೆ ಹಿಡಿಯಷ್ಟು ಕೀಳುವ ಆತುರವೂ ಬೇಡ.

ಬೆನ್ನಿನ ನಂತರ ಪಕ್ಕೆ, ಭುಜ, ತೊಡೆಯ ಹೊರಭಾಗ, ಕಡೆಗೆ ತಲೆಯ ಮೇಲ್ಭಾಗ. ಒಂದು ಬೈಠಕ್ 20ರಿಂದ 30 ನಿಮಿಷ ಮೀರದಿರಲಿ. ಫಾಕ್ಸ್ ಟೆರಿಯರ್ ಗಾತ್ರದ ನಾಯಿಗೆ ನಾಲ್ಕೈದು ದಿನ ಹಂಚಿಕೊಂಡು ಮಾಡಿದರೆ ನಾಯಿಗೂ ಬೇಸರವಿಲ್ಲ, ಬೆರಳಿಗೂ ನೋವಿಲ್ಲ. ಏರ್‌ಡೇಲ್ ಟೆರಿಯರ್‌ಗಳಲ್ಲಿ ಅತ್ಯಂತ ದೊಡ್ಡದು. ಅದಕ್ಕೆ ಇನ್ನೂ ಹೆಚ್ಚು ದಿನ ಬೇಕು. ಚರ್ಮ ಕೆಂಪಾದರೆ ಆ ಭಾಗವನ್ನು ಅಂದಿಗೆ ಬಿಟ್ಟುಬಿಡಬೇಕು. ಹಿರಿದ ಜಾಗದಲ್ಲಿ ಮೃದು ಒಳಗೂದಲು ಉಳಿದಿರುತ್ತದೆ. ಅದನ್ನು ರಂಧ್ರಗಲ್ಲಿನಿಂದಲೋ ದಟ್ಟ ಬಾಚಣಿಗೆಯಿಂದಲೋ ತೆಳುಗೊಳಿಸಬೇಕು. ಪೂರ್ತಿ ತೆಗೆಯಬಾರದು. ಹೊಸ ಹೊರಗೂದಲು ಬರುವವರೆಗೆ ಚರ್ಮಕ್ಕಿರುವ ಏಕೈಕ ಮುಸುಕು ಅದೇ.

ನಾಯಿ ಸುಮ್ಮನೆ ನಿಲ್ಲಲೆಂದು ಮನುಷ್ಯರ ನಿದ್ರೆಯ ಅಥವಾ ನೋವಿನ ಮಾತ್ರೆಗಳನ್ನು ಕೊಡುವವರಿದ್ದಾರೆ. ಇದು ಅಪಾಯಕರ. ಬಿಸ್ಕತ್ತಿನ ತುಣುಕು ಮತ್ತು ತಾಳ್ಮೆ, ಇವೆರಡೇ ಇಲ್ಲಿನ ಔಷಧ. ಮರಿಯಾಗಿರುವಾಗಲೇ ದಿನಕ್ಕೆ ಐದು ನಿಮಿಷ ಬಾಚಿ ಅಭ್ಯಾಸ ಮಾಡಿಸಿದ್ದರೆ ದೊಡ್ಡದಾದ ಮೇಲೆ ಜಗ್ಗಾಟವಿರುವುದಿಲ್ಲ. ಬಾಯಿಯ ಸಮೀಪ ಕೈಯಾಡಿಸುವ ಕೆಲಸವಾದ್ದರಿಂದ ನಾಯಿಗೆ ರೇಬಿಸ್ ಲಸಿಕೆ ಸಕಾಲದಲ್ಲಿ ಆಗಿರಲೇಬೇಕು.

ಯಂತ್ರ ಬಳಸಲೇಬೇಕಾದಾಗ

ಎಲ್ಲ ನಾಯಿಗಳಿಗೂ ಬೆರಳಿನ ಕ್ರಮ ಒಗ್ಗುತ್ತದೆ ಎನ್ನಲಾಗದು. ವಯಸ್ಸಾದ ನಾಯಿ, ಚರ್ಮರೋಗವಿರುವ ನಾಯಿ, ಸಂತಾನಹರಣ ಶಸ್ತ್ರಚಿಕಿತ್ಸೆಯ ನಂತರ ಕೂದಲು ಮೃದುವಾದ ನಾಯಿ, ವರ್ಷಗಟ್ಟಲೆ ಯಂತ್ರ ಹೊಡೆಸಿಕೊಂಡ ನಾಯಿ, ಇವುಗಳಲ್ಲಿ ಕೂದಲು ಸಲೀಸಾಗಿ ಬರದು. ಇಂಥ ಸಂದರ್ಭದಲ್ಲಿ ಯಂತ್ರ ಬಳಸುವುದು ತಪ್ಪಲ್ಲ. ಪ್ರದರ್ಶನಕ್ಕೆ ಹೋಗದ ಮನೆಯ ನಾಯಿಗೆ ಬಣ್ಣ ಮಾಸಿದರೆ ಆಗುವ ನಷ್ಟವೇನೂ ಇಲ್ಲ.

ಆದರೆ ಚರ್ಮಕ್ಕೆ ಅಂಟುವಂತೆ ಬೋಳಿಸಬಾರದು. ಯಂತ್ರದ 10ನೇ ಸಂಖ್ಯೆಯ ಬ್ಲೇಡ್ ಸುಮಾರು ಒಂದೂವರೆ ಮಿಲಿಮೀಟರ್ ಕೂದಲನ್ನಷ್ಟೇ ಉಳಿಸುತ್ತದೆ. ಬೆನ್ನಿಗೆ ಅದು ತೀರ ಗಿಡ್ಡ. 7ನೇ ಸಂಖ್ಯೆಯದು ಸುಮಾರು 3 ಮಿಲಿಮೀಟರ್ ಉಳಿಸುತ್ತದೆ. ಬಿಸಿಲಿಗೆ ಹೋಗುವ ನಾಯಿಗೆ ಅದಕ್ಕಿಂತಲೂ ಉದ್ದ ಬಿಡುವುದು ಮೇಲು. ಯಂತ್ರವನ್ನು ಕೂದಲು ಬೆಳೆದ ದಿಕ್ಕಿನಲ್ಲಿ ನಡೆಸಬೇಕು. ಕೆಲವೇ ನಿಮಿಷಗಳಲ್ಲಿ ಬ್ಲೇಡ್ ಕಾಯುತ್ತದೆ. ಆಗಾಗ್ಗೆ ಅದನ್ನು ನಮ್ಮ ಮಣಿಕಟ್ಟಿನ ಒಳಮೈಗೆ ತಾಗಿಸಿ ನೋಡಬೇಕು. ನಮಗೆ ಬಿಸಿಯೆನಿಸಿದರೆ ನಾಯಿಯ ಚರ್ಮಕ್ಕೆ ಅದು ಸುಡುತ್ತದೆ. ಗಂಟುಗಟ್ಟಿದ ಕೂದಲನ್ನು ಕತ್ತರಿಯಿಂದ ಕತ್ತರಿಸುವಾಗ ಗಂಟಿನ ಕೆಳಗೆ ಬಾಚಣಿಗೆಯನ್ನು ತೂರಿಸಿ, ಅದರ ಮೇಲಿನಿಂದಲೇ ಕತ್ತರಿಸಬೇಕು. ಗಂಟಿನೊಂದಿಗೆ ಚರ್ಮವೂ ಮೇಲೆದ್ದಿರುವುದು ಕಣ್ಣಿಗೆ ಕಾಣುವುದಿಲ್ಲ. ಮನೆಯಲ್ಲಿ ಆಗುವ ಹೆಚ್ಚಿನ ಗಾಯಗಳು ಹೀಗೆಯೇ ಆಗುತ್ತವೆ.

ಗಡ್ಡ, ಪಾದ, ಕಿವಿ, ಉಗುರು

ಗಡ್ಡ ಟೆರಿಯರ್‌ನ ಶೋಭೆ, ಹಾಗೆಯೇ ಕೊಳೆಯ ತಾಣ. ನೀರು ಕುಡಿದಾಗ, ಅನ್ನ ತಿಂದಾಗ ಅಲ್ಲಿ ತೇವ ಉಳಿದು ದುರ್ವಾಸನೆ ಬರುತ್ತದೆ. ಬೇಸಿಗೆಗೆ ಅದನ್ನು ಗಿಡ್ಡಗೊಳಿಸಿ, ದಿನವೂ ಊಟದ ನಂತರ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಹುಬ್ಬಿನ ಕೂದಲು ಕಣ್ಣಿಗೆ ಚುಚ್ಚುವಂತಿದ್ದರೆ ಕತ್ತರಿಯ ತುದಿಯನ್ನು ಕಣ್ಣಿನಿಂದ ಹೊರಮುಖವಾಗಿ ಹಿಡಿದು ಸರಿಪಡಿಸಬೇಕು.

ಬೆವರುವ ಏಕೈಕ ಮುಖ್ಯ ಸ್ಥಳ ಪಾದವಾದ್ದರಿಂದ ಮೆತ್ತೆಗಳ ನಡುವಣ ಕೂದಲನ್ನು ಮೆತ್ತೆಯ ಮಟ್ಟಕ್ಕೆ ಕತ್ತರಿಸಬೇಕು. ಸುಗ್ಗಿ ಮುಗಿದ ಹೊಲಗಳಲ್ಲಿ ಓಡಾಡುವ ನಾಯಿಯ ಬೆರಳಸಂದಿನಲ್ಲಿ ನೆಗ್ಗಿಲ ಮುಳ್ಳು ಮತ್ತು ಚೂಪು ಹುಲ್ಲಿನ ಬೀಜಗಳು ಸೇರಿಕೊಳ್ಳುತ್ತವೆ. ಹುಲ್ಲಿನ ಬೀಜ ಚರ್ಮವನ್ನು ಚುಚ್ಚಿ ಒಳಗೆ ಸರಿಯಬಲ್ಲದು. ನಾಯಿ ಪಾದವನ್ನು ಬಿಡದೆ ನೆಕ್ಕುತ್ತಿದ್ದರೆ ಅಲ್ಲಿ ಹುಡುಕಬೇಕು. ತಲೆಯನ್ನು ಒಂದೇ ಬದಿಗೆ ಕೊಡವುತ್ತಿದ್ದರೆ ಕಿವಿಯಲ್ಲಿ ಏನೋ ಇದೆಯೆಂದು ತಿಳಿದು ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಕಿವಿಯೊಳಗೆ ಕಡ್ಡಿ ಹಾಕುವುದು ಸಲ್ಲದು.

ಉಗುರಿನ ಒಳಗೆ ರಕ್ತನಾಳವಿದೆ. ಬಿಳಿ ಉಗುರಿನಲ್ಲಿ ಅದು ಗುಲಾಬಿಯಾಗಿ ಕಾಣುತ್ತದೆ, ಕರಿ ಉಗುರಿನಲ್ಲಿ ಕಾಣುವುದಿಲ್ಲ. ಕರಿ ಉಗುರನ್ನು ಅಕ್ಕಿಕಾಳಿನಷ್ಟೇ ಸ್ವಲ್ಪ ಸ್ವಲ್ಪವಾಗಿ ಕತ್ತರಿಸಬೇಕು. ರಕ್ತ ಬಂದರೆ ಗಾಬರಿಯಾಗದೆ ಒಣ ಹಿಟ್ಟನ್ನು ಕೆಲ ನಿಮಿಷ ಅದುಮಿ ಹಿಡಿದರೆ ನಿಲ್ಲುತ್ತದೆ.

ಉಣ್ಣಿಯ ಕಾಟ

ಕೂದಲು ಹಿರಿಯುವ ಕೆಲಸದ ದೊಡ್ಡ ಪ್ರಯೋಜನವೆಂದರೆ ಚರ್ಮದ ಪ್ರತಿ ಅಂಗುಲವೂ ಕಣ್ಣಿಗೆ ಬೀಳುವುದು. ದಟ್ಟಗೂದಲಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದ ಉಣ್ಣಿಗಳು ಆಗ ಸಿಕ್ಕಿಬೀಳುತ್ತವೆ. ನಾಯಿಯ ಕಂದು ಉಣ್ಣಿ ಬಿಸಿ ಹವೆಯಲ್ಲಿ ವೇಗವಾಗಿ ಬೆಳೆಯುತ್ತದೆ. ಗೋಡೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಒಂದು ಹೆಣ್ಣು ಉಣ್ಣಿ ಸಾವಿರಾರು ಮೊಟ್ಟೆಗಳನ್ನು ಇಡಬಲ್ಲದು. ರಕ್ತ ಹೀರುವುದಷ್ಟೇ ಅಲ್ಲ, ಎರ್ಲಿಕಿಯ ಮತ್ತು ಬೆಬೀಸಿಯ ರೋಗಾಣುಗಳನ್ನೂ ಅದು ಹರಡುತ್ತದೆ. ಜ್ವರ, ಊಟ ಬಿಡುವುದು, ವಸಡು ಬಿಳಿಚಿಕೊಳ್ಳುವುದು, ಮೂಗಿನಲ್ಲಿ ರಕ್ತ, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಚಿಕಿತ್ಸೆ ಕೊಡಿಸಬೇಕು.

ಉಣ್ಣಿಯನ್ನು ಚಿಮುಟದಿಂದ ಚರ್ಮಕ್ಕೆ ಅತಿ ಸಮೀಪದಲ್ಲಿ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಬೇಕು. ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಸರ್ವಥಾ ಕೂಡದು. ಬೆರಳಿನಿಂದ ಹಿಸುಕುವುದೂ ಸರಿಯಲ್ಲ. ದನಕುರಿಗಳಿಗೆಂದು ತಂದ ಉಣ್ಣಿನಾಶಕವನ್ನು ಅಂದಾಜಿನ ಮೇಲೆ ನಾಯಿಗೆ ಬಳಿಯುವ ರೂಢಿ ಹಳ್ಳಿಪಟ್ಟಣಗಳಲ್ಲಿದೆ. ನಾಯಿ ಮೈ ನೆಕ್ಕುವ ಪ್ರಾಣಿ, ಪ್ರಮಾಣ ತಪ್ಪಿದರೆ ವಿಷವೇರುತ್ತದೆ. ಕೂದಲು ಹಿರಿದ ಚರ್ಮಕ್ಕಂತೂ ಔಷಧ ಬಳಿಯುವ ಮುನ್ನ ಪಶುವೈದ್ಯರನ್ನು ಕೇಳಲೇಬೇಕು. ಮನೆಯಲ್ಲಿ ಬೆಕ್ಕಿದ್ದರೆ ಇನ್ನಷ್ಟು ಎಚ್ಚರ ಅಗತ್ಯ. ನಾಯಿಗೆ ಹಚ್ಚುವ ಪರ್ಮೆತ್ರಿನ್ ಬೆಕ್ಕಿಗೆ ಪ್ರಾಣಾಂತಿಕ.

ಸ್ನಾನ ಯಾವಾಗ?

ಹಿರಿದ ಚರ್ಮ ಒಂದೆರಡು ದಿನ ಸೂಕ್ಷ್ಮವಾಗಿರುತ್ತದೆ. ಆ ಬಳಿಕ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಬಹುದು. ಮನುಷ್ಯರ ಶಾಂಪೂ, ಬಟ್ಟೆ ಸೋಪು ಬೇಡ. ನಮ್ಮ ಚರ್ಮ ತುಸು ಆಮ್ಲೀಯ, ನಾಯಿಯದು ತಟಸ್ಥಕ್ಕೆ ಹತ್ತಿರ. ನಮಗೆ ಹಿತವಾದುದು ಅದಕ್ಕೆ ತುರಿಕೆ ತರಬಹುದು. ಬೇಸಿಗೆಯೆಂದು ದಿನವೂ ಶಾಂಪೂ ಹಾಕಿದರೆ ಕೂದಲಿನ ಸಹಜ ಜಿಡ್ಡು ಹೋಗಿ ಬಿರುಸು ಕಡಿಮೆಯಾಗುತ್ತದೆ. ಬರಿಯ ನೀರಿನಲ್ಲಿ ಹೊಟ್ಟೆ ಮತ್ತು ಪಾದಗಳನ್ನು ತೋಯಿಸಿ ಒರೆಸಿದರೆ ತಂಪಿಗೆ ಸಾಕು.

ಬೇರೆ ನಾಯಿಗಳಿಗೆ ಬೇರೆ ನಿಯಮ

ಇಲ್ಲಿ ಹೇಳಿದ್ದನ್ನು ಎಲ್ಲ ನಾಯಿಗಳಿಗೂ ಅನ್ವಯಿಸಬಾರದು. ಲಾಸಾ ಅಪ್ಸೊ, ಶಿಟ್ಜು ನಾಯಿಗಳ ಕೂದಲು ಮನುಷ್ಯರ ತಲೆಗೂದಲಿನಂತೆ ಉದ್ದಕ್ಕೆ ಬೆಳೆಯುತ್ತ ಹೋಗುತ್ತದೆ. ಅವುಗಳಿಗೆ ಕತ್ತರಿಯೇ ಸರಿ, ಕೀಳಬಾರದು. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್, ಪೊಮೆರೇನಿಯನ್ ಮೊದಲಾದ ಎರಡು ಪದರದ ನಾಯಿಗಳನ್ನು ಬೋಳಿಸಲೂಬಾರದು, ಹಿರಿಯಲೂಬಾರದು. ಸಡಿಲ ಒಳಗೂದಲನ್ನು ದಿನವೂ ಬಾಚಿ ತೆಗೆದರೆ ಸಾಕು. ಬೋಳಿಸಿದ ಪೊಮೆರೇನಿಯನ್‌ನಲ್ಲಿ ಕೂದಲು ತಿಂಗಳುಗಟ್ಟಲೆ ಬಾರದಿರುವುದೂ ಉಂಟು.

ನಮ್ಮದೇ ನಾಡಿನ ಮುಧೋಳ ನಾಯಿಗೆ ಈ ಯಾವ ಉಪಚಾರವೂ ಬೇಡ. ಗಿಡ್ಡ ಕೂದಲು, ತೆಳು ಮೈ, ಉದ್ದ ಕಾಲುಗಳ ಈ ಬೇಟೆನಾಯಿ ಉತ್ತರ ಕರ್ನಾಟಕದ ಬಿಸಿಲಿಗೆ ಹೊಂದಿಕೊಂಡು ಬೆಳೆದದ್ದು. 2005ರಲ್ಲಿ ಅಂಚೆ ಇಲಾಖೆ ಭಾರತೀಯ ತಳಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಮುಧೋಳ ನಾಯಿಯೂ ಒಂದಾಗಿತ್ತು. ವಾರಕ್ಕೊಮ್ಮೆ ಒರಟು ಬಟ್ಟೆಯಿಂದ ಮೈ ಉಜ್ಜಿದರೆ ಅದರ ಕೂದಲ ಆರೈಕೆ ಮುಗಿಯಿತು. ಬಯಲುಸೀಮೆಯಲ್ಲಿ ಹೊಸದಾಗಿ ನಾಯಿ ಸಾಕಬೇಕೆನ್ನುವವರು ತಳಿ ಆಯ್ಕೆಯ ಮುನ್ನ ಈ ಅಂಶವನ್ನು ಯೋಚಿಸುವುದು ಲೇಸು. ತಂಪು ದೇಶದ ತಳಿಯನ್ನು ತಂದವರಿಗೆ ಅದರ ಕೂದಲಿನ ಹೊಣೆಯೂ ಬರುತ್ತದೆ.

ಬಿಸಿಲಾಘಾತ: ಗಳಿಗೆಗಳ ಲೆಕ್ಕ

ಕೂದಲು ಎಷ್ಟೇ ಚೆನ್ನಾಗಿ ಸಜ್ಜುಗೊಂಡಿದ್ದರೂ ಉರಿಬಿಸಿಲಿನಲ್ಲಿ ನಾಯಿಗೆ ಅದೊಂದೇ ರಕ್ಷಣೆಯಾಗದು. ಟೆರಿಯರ್ ಚಟುವಟಿಕೆಯ ನಾಯಿ. ಆಟದ ಅಮಲಿನಲ್ಲಿ ದಣಿವನ್ನು ತೋರಿಸಿಕೊಳ್ಳುವುದಿಲ್ಲ. ಆದುದರಿಂದ ಅದರ ಪರವಾಗಿ ಸಾಕಿದವರೇ ನಿರ್ಧರಿಸಬೇಕು. ನಡಿಗೆ ಸೂರ್ಯೋದಯದ ಹೊತ್ತಿಗೆ ಅಥವಾ ನೆಲ ತಣಿದ ಮೇಲೆ ರಾತ್ರಿ ಇರಲಿ. ಡಾಂಬರು ರಸ್ತೆಯ ಮೇಲೆ ಅಂಗೈಯ ಹಿಂಬದಿಯನ್ನು ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಸಲ್ಲದು. ತಗಡಿನ ಗೂಡು, ಮಹಡಿಯ ತಾರಸಿ, ನಿಲ್ಲಿಸಿದ ಕಾರು, ಈ ಮೂರು ಜಾಗಗಳಲ್ಲಿ ನಾಯಿಯನ್ನು ಕೂಡಿಹಾಕಲೇಬಾರದು. ಕುಡಿಯುವ ನೀರು ಎರಡು ಕಡೆ, ನೆರಳಿನಲ್ಲಿ, ಮಣ್ಣಿನ ಪಾತ್ರೆಯಲ್ಲಿ ಇರಲಿ.

ದೇಹದ ಉಷ್ಣಾಂಶ 41 ಡಿಗ್ರಿ ದಾಟಿದರೆ ಅದು ಬಿಸಿಲಾಘಾತದ ಸ್ಥಿತಿ. ನಿಲ್ಲದ ಏದುಸಿರು, ಗಾಢ ಕೆಂಪಾದ ನಾಲಿಗೆ, ಜೊಲ್ಲು, ತೂರಾಟ, ವಾಂತಿ ಇದರ ಲಕ್ಷಣಗಳು. ಆಗ ಮೊದಲು ಮಾಡಬೇಕಾದುದು ಆಸ್ಪತ್ರೆಗೆ ಓಡುವುದಲ್ಲ, ತಣಿಸುವುದು. ನೆರಳಿಗೆ ತಂದು, ಮೈಯೆಲ್ಲ ತಣ್ಣೀರು ಸುರಿದು, ಫ್ಯಾನಿನ ಗಾಳಿ ಹಾಕಬೇಕು. ಕೂದಲಿನ ಮೇಲೆ ಹರಿದುಹೋಗದೆ ನೀರು ಚರ್ಮಕ್ಕೆ ಮುಟ್ಟುವಂತೆ ಬೆರಳಾಡಿಸಬೇಕು. ಒದ್ದೆ ಟವೆಲ್ ಹೊದಿಸಿ ಬಿಡಬಾರದು. ಸ್ವಲ್ಪ ಹೊತ್ತಿನಲ್ಲಿ ಅದೇ ಬಿಸಿಯಾಗಿ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಪ್ರಜ್ಞೆಯಿದ್ದರೆ ನೀರನ್ನು ಮುಂದಿಡಬೇಕು, ಬಾಯಿಗೆ ಬಲವಂತವಾಗಿ ಹುಯ್ಯಬಾರದು. ಹೀಗೆ ತಣಿಸುತ್ತಲೇ ಹತ್ತಿರದ ಪಶು ಆಸ್ಪತ್ರೆಗೆ ಸಾಗಿಸಬೇಕು. ಚೇತರಿಸಿಕೊಂಡಂತೆ ಕಂಡರೂ ವೈದ್ಯರಿಗೆ ತೋರಿಸಲೇಬೇಕು. ಒಳಗಿನ ಮೂತ್ರಪಿಂಡ, ಯಕೃತ್ತುಗಳಿಗೆ ಆದ ಹಾನಿ ಒಂದೆರಡು ದಿನದ ನಂತರ ಕಾಣಿಸಿಕೊಳ್ಳುವುದುಂಟು. ಸಿಕ್ಕುಗಟ್ಟಿದ ಒಳಗೂದಲಿದ್ದರೆ ಇಂಥ ಗಳಿಗೆಯಲ್ಲಿ ಸುರಿದ ನೀರು ಚರ್ಮವನ್ನೇ ಮುಟ್ಟುವುದಿಲ್ಲ. ಮಾಘದಲ್ಲಿ ಮಾಡಿದ ಕೆಲಸದ ಬೆಲೆ ಮೇ ತಿಂಗಳಿನಲ್ಲಿ ತಿಳಿಯುವುದು ಆಗಲೇ.

ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಬೇಸಿಗೆಗೆ ಮುನ್ನವೇ ಬರೆದಿಟ್ಟುಕೊಳ್ಳುವುದು, ರೇಬಿಸ್ ಲಸಿಕೆಯ ದಿನಾಂಕವನ್ನು ಪರಿಶೀಲಿಸುವುದು, ವಾರಕ್ಕೆ ಅರ್ಧ ಗಂಟೆಯನ್ನು ಬಾಚಣಿಗೆ ಮತ್ತು ಬೆರಳಿನ ಕೆಲಸಕ್ಕೆ ಮೀಸಲಿಡುವುದು, ಇಷ್ಟನ್ನು ಮಾಡಿದರೆ ತಂತಿಗೂದಲ ನಾಯಿಯೂ ಬಯಲುಸೀಮೆಯ ಬೇಸಿಗೆಯನ್ನು ಸುರಕ್ಷಿತವಾಗಿ ಕಳೆಯಬಲ್ಲದು.